ಕರಜಗಿ ದಾರಿಯಲ್ಲಿ ಆರು ಕೊಂಡಿ

ಸೊಲ್ಲಾಪುರ

ತಿಪಟೂರಿನಲ್ಲಿ ರೈಲು ಹತ್ತಿದವನು ನಾನೊಬ್ಬನೇ ಅಲ್ಲ, ನನ್ನ ಸೈಕಲ್ಲೂ ಹತ್ತಿತ್ತು. ಅದನ್ನು ಲಗೇಜು ಡಬ್ಬಿಗೆ ಹಾಕಿ ರಸೀದಿ ಪಡೆದಿದ್ದರೂ ನನಗೆ ಸಮಾಧಾನವಿರಲಿಲ್ಲ. ಗಾಡಿ ಸ್ವಲ್ಪ ಹೆಚ್ಚು ಹೊತ್ತು ನಿಂತಲ್ಲೆಲ್ಲ ಇಳಿದು ಓಡಿಹೋಗಿ, ಅದು ಅಲ್ಲೇ ಇದೆಯೇ ಎಂದು ಇಣುಕಿ ನೋಡಿ ಬರುತ್ತಿದ್ದೆ. ಹಾವೇರಿ ದಾಟುವ ಹೊತ್ತಿಗೆ ಗಾರ್ಡು ನನ್ನ ಮುಖ ಕಂಡ ಕೂಡಲೆ, ನಾನು ಬಾಯಿ ತೆರೆಯುವ ಮೊದಲೇ, "ಅದ ರೀ, ಎಲ್ಲೂ ಹೋಗಿಲ್ಲ" ಎನ್ನತೊಡಗಿದ್ದ.

ನಾನಾಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಾಗಿರಲಿಲ್ಲ. ಆ ಸೈಕಲ್ಲು ನನ್ನದೇ ಎಂದು ನಾನು ಹೇಳಿಕೊಳ್ಳಬಹುದಾದ ಮೊದಲ ವಸ್ತು. ದಿನಾ ಶಾಲೆಯಿಂದ ಬಂದು ಅದರ ಕಡ್ಡಿ ಕಡ್ಡಿಯನ್ನೂ ಒರೆಸುತ್ತಿದ್ದೆ. ನಮ್ಮ ತಾಯಿ, "ಹಸುವಿಗೂ ನೀನು ಇಷ್ಟು ಮೈ ತೊಳೆದವನಲ್ಲ" ಎನ್ನುತ್ತಿದ್ದರು.

ಸೊಲ್ಲಾಪುರಕ್ಕೆ ಕರೆದವನು ಗೋವಿಂದರಾವ್. ಮೈಸೂರಿನಲ್ಲಿ ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಈಗ ಅವನು ಅಲ್ಲಿನ ಒಂದು ಗಿರಣಿಯ ಕಚೇರಿಯಲ್ಲಿ ಗುಮಾಸ್ತ. ಕ್ರಿಸ್ಮಸ್ ರಜೆಗೆ ಬಾ, ಅಕ್ಕಲಕೋಟೆಯ ಮೇಲೆ ಹಾಯ್ದು ನಮ್ಮ ಕರಜಗಿಗೆ ಹೋಗೋಣ, ಹೊಲದಲ್ಲಿ ಕೂತು ಸೀತನಿ ತಿನ್ನೋಣ ಎಂದು ಮೂರು ವರ್ಷದಿಂದ ಬರೆಯುತ್ತಿದ್ದ. ಸೀತನಿ ಎಂದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿದ ಹಸಿರು ಕಾಳು. ತೆಂಗಿನ ಸೀಮೆಯ ನನಗೆ ಅದು ಪುಸ್ತಕದಲ್ಲಿ ಓದಿದ ತಿಂಡಿ.

ಹುಬ್ಬಳ್ಳಿ, ಗದಗ, ವಿಜಾಪುರ ದಾಟಿ, ಹೋಟಗಿಯಲ್ಲಿ ಗಾಡಿ ಬದಲಿಸಿ ಸೊಲ್ಲಾಪುರದಲ್ಲಿ ಇಳಿದೆ. ಊರಿಗೆ ಊರೇ ಗಿರಣಿಯ ಭೋಂಗಾ, ಎಂದರೆ ಸೈರನ್ನು, ಕೂಗುವ ಲೆಕ್ಕದಲ್ಲಿ ಏಳುತ್ತದೆ, ಉಣ್ಣುತ್ತದೆ. ನಮ್ಮಲ್ಲಿ ದೇವಸ್ಥಾನದ ಗಂಟೆಗೆ ಜನ ತಲೆ ಎತ್ತುವ ಹಾಗೆ ಇಲ್ಲಿ ಆ ಕೂಗಿಗೆ ತಲೆ ಎತ್ತುತ್ತಾರೆ. ನವಿ ಪೇಠೆಯಲ್ಲಿ ಗೋವಿಂದರಾಯನ ಜೊತೆ ನಡೆದೆ. ಒಂದೇ ಅಂಗಡಿಯಲ್ಲಿ ಗಿರಾಕಿ ಮರಾಠಿಯಲ್ಲಿ ಕೇಳಿದ, ಯಜಮಾನ ಕನ್ನಡದಲ್ಲಿ ಹೇಳಿದ, ಬಟ್ಟೆ ಅಳೆಯುವವನು ತೆಲುಗಿನಲ್ಲಿ ಗೊಣಗಿದ, ಹೊರೆ ಹೊತ್ತವನು ಉರ್ದುವಿನಲ್ಲಿ ದಾರಿ ಬಿಡಿರೆಂದ. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ನನ್ನ ಕನ್ನಡ ಕೇಳಿದಾಗ ಮಾತ್ರ ಎಲ್ಲರೂ ತಿರುಗಿ ನೋಡಿದರು.

"ಇವರು ಮೈಸೂರಿನವರು, ಪುಸ್ತಕದಂಗ ಮಾತಾಡ್ತಾರ" ಎಂದು ಗೋವಿಂದರಾವ್ ಪರಿಚಯ ಮಾಡಿಸಿದ.

ಹೊರಡುವ ಹಿಂದಿನ ದಿನ ಅವನ ಸಾಹೇಬ ರಜೆ ಕೊಡಲಿಲ್ಲ. ನನ್ನ ಮುಖ ಇಳಿದದ್ದು ನೋಡಿ ಗೋವಿಂದರಾವ್, "ನೀ ಒಬ್ಬನs ಹೋಗಪಾ. ಕರಜಗಿಯೊಳಗ ನಮ್ಮ ಕಾಕಾ ಅದಾನ, ಅವಗ ಕಾಗದ ಬರದೀನಿ. ಹಾದಿ ಸೀದಾ ಅದ, ಕೇಳಿದ್ರ ಕುರುಡನೂ ಹೇಳ್ತಾನ" ಎಂದ. ಆಮೇಲೆ ನನ್ನ ಸೈಕಲ್ಲನ್ನು ಒಮ್ಮೆ ನೋಡಿ, "ಆದ್ರ ಉಸ್ತಾದಗ ತೋರಿಸದs ಹೋಗಬ್ಯಾಡ" ಎಂದು ಸೇರಿಸಿದ.

ಉಸ್ತಾದ ಎಂದರೆ ನವಿ ಪೇಠೆಯ ಸಂದಿಯಲ್ಲಿ ಸೈಕಲ್ಲು ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ. ನನ್ನ ಸೈಕಲ್ಲಿನ ಹೊಳಪಿಗೆ ಅವನು ಮರುಳಾಗಲಿಲ್ಲ. ಚೈನನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು, "ಸಾಬ್, ಧೂಳಿನ ರಸ್ತಾ ಇದಕ್ಕೆ ಗೊತ್ತಿಲ್ಲ. ಆರು ಕಡಿ ಒಯ್ಯಿರಿ" ಎಂದ.

ಕಡಿ ಎಂದರೆ ನಮ್ಮಲ್ಲಿ ಹಲ್ಲಿನಿಂದ ಕಡಿ, ಕತ್ತಿಯಿಂದ ಕಡಿ. ನಾನು ಪೆಚ್ಚಾಗಿ ನಿಂತೆ. ಅವನು ನಕ್ಕು, ಡಬ್ಬಿಯಿಂದ ಚೈನಿನ ಒಂದು ತುಂಡು ತೆಗೆದು ತೋರಿಸಿದ. ನಾವು ಕೊಂಡಿ ಎನ್ನುವುದನ್ನು ಅವರು ಕಡಿ ಎನ್ನುತ್ತಾರೆ. ನಾಲ್ಕು ಸಾದಾ ಕೊಂಡಿ, ಎರಡು ತಿರುಪಿನ ಕೊಂಡಿ. ಚೈನು ಹರಿದರೆ, ಹರಿದ ಕೊಂಡಿಯ ಮೊಳೆಯನ್ನು ಹೊಡೆದು ತೆಗೆದು, ಆ ಜಾಗಕ್ಕೆ ಇವನ್ನು ಕೂಡಿಸಿ, ತಿರುಪು ಬಿಗಿದರೆ ಆಯಿತು. ಮೊಳೆ ಹೊಡೆಯಲು ಒಂದು ಚೂಪು ಉಕ್ಕಿನ ಕಡ್ಡಿ ಕೊಟ್ಟ. ಒಂದು ಹಳೆಯ ಚೈನಿನ ಮೇಲೆ ನನ್ನ ಕೈಯಲ್ಲೇ ಮೂರು ಸಲ ಮಾಡಿಸಿದ. ಮೂರನೆಯ ಸಲ ಸರಿಬಂತು. ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿ ಸೀಟಿನ ಹಿಂದಿನ ಚೀಲಕ್ಕೆ ತುರುಕಿ, "ಖುದಾ ಮಾಡಲಿ, ಇದು ಬೇಕಾಗದೆ ಇರಲಿ" ಎಂದ.

ವಳಸಂಗ

ಬೇಕಾಯಿತು, ಮರುದಿನವೇ. ಸೊಲ್ಲಾಪುರ ಬಿಟ್ಟು ಹತ್ತು ಹನ್ನೊಂದು ಮೈಲಿ ಬಂದಿದ್ದೆ. ಇಕ್ಕೆಲದಲ್ಲಿ ಎದೆಯೆತ್ತರದ ಜೋಳ, ಹೊಲದ ಅಂಚಿಗೆ ದನ ನುಗ್ಗದಂತೆ ಬಿತ್ತಿದ ಕುಸುಬೆ. ನಮ್ಮಲ್ಲಿ ಆಕಾಶವನ್ನು ತೆಂಗಿನ ಗರಿಗಳ ನಡುವೆ ತುಂಡು ತುಂಡಾಗಿ ನೋಡುತ್ತೇವೆ. ಅಲ್ಲಿ ಅದು ಯಾವ ಅಡ್ಡಿಯೂ ಇಲ್ಲದೆ ನೆಲದವರೆಗೆ ಇಳಿದಿತ್ತು. ಅದನ್ನೇ ನೋಡುತ್ತ ವಳಸಂಗದ ಹತ್ತಿರ ಒಂದು ಸಣ್ಣ ಏರು ತುಳಿಯುತ್ತಿದ್ದೆ. ಕಾಲ ಕೆಳಗೆ ಟಕ್ಕೆಂದು ಸದ್ದಾಯಿತು. ಪೆಡಲು ಗಾಳಿಯಲ್ಲಿ ತಿರುಗಿತು. ಚೈನು ಹಿಂದೆ ಹಾವಿನಂತೆ ಬಿದ್ದಿತ್ತು.

ರಸ್ತೆಯ ಪಕ್ಕದ ಕಲ್ಲಿನ ಮೇಲೆ ಚೈನನ್ನಿಟ್ಟು ಕುಕ್ಕರಗಾಲಲ್ಲಿ ಕೂತೆ. ಆ ಸೀಮೆಯ ಒಂದು ಪದ್ಧತಿ ನನಗೆ ಆಗ ತಿಳಿಯಿತು. ದಾರಿಯಲ್ಲಿ ಒಬ್ಬನು ಕಷ್ಟಕ್ಕೆ ಸಿಕ್ಕಿದ್ದರೆ ನೋಡಿಕೊಂಡು ಹಾದುಹೋಗುವುದು ಅಲ್ಲಿ ಮರ್ಯಾದೆಯಲ್ಲ. ಒಂದು ಎತ್ತಿನ ಚಕ್ಕಡಿ ನಿಂತಿತು. ಚಕ್ಕಡಿಯ ಹಿಂದೆ ಬುಟ್ಟಿ ಹೊತ್ತ ಮೂವರು ಹೆಂಗಸರು ನಿಂತರು. ಕುರಿಯವನು ನಿಂತ, ಅವನ ಕುರಿಗಳೂ ನಿಂತವು. ಎಲ್ಲರೂ ಕೇಳಿದ್ದು ಅದೇ ಮೂರು ಮಾತು: ಯಾವ ಊರು, ಯಾರ ಮನಿಗೆ ಹೊಂಟೀರಿ, ಚಾ ಕುಡದೀರೇನು. ಊರಿನ ಜೊತೆಗೆ ನಾನು ಮೇಷ್ಟ್ರೆಂದೂ ಹೇಳಿದೆ. ನಮ್ಮ ಕಡೆ ಗುರುತಿಲ್ಲದವನನ್ನು ಇಷ್ಟು ಕೇಳಿದರೆ ಜಗಳವಾದೀತು. ಚಕ್ಕಡಿಯವನು ಇಳಿದು, ಹೇಳಿಸಿಕೊಳ್ಳದೆಯೇ ಸೈಕಲ್ಲನ್ನು ಅಲುಗದಂತೆ ಹಿಡಿದುಕೊಂಡ. ಹೆಂಗಸರಲ್ಲಿ ಹಿರಿಯಳು ನನ್ನ ಮೇಲೆ ಬಿಸಿಲು ಬೀಳದ ಹಾಗೆ ಸರಿದು ನಿಂತಳು. ಅದನ್ನು ನಾನು ಗಮನಿಸಿದ್ದು ಕೆಲಸ ಮುಗಿದು ಮೇಲೆದ್ದ ಮೇಲೆ.

ಎರಡು ಕೊಂಡಿ ಖರ್ಚಾಯಿತು. ತಿರುಪು ಬಿಗಿದು ಪೆಡಲು ತಿರುವಿದಾಗ ಚೈನು ಓಡಿತು. ಕುರಿಯವನು, "ಮಾಸ್ತರಗ ವಿದ್ಯಾ ಐತಿ" ಎಂದ. ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಅಲ್ಲಿಂದ ಮುಂದಕ್ಕೆ, ಯಾರದಾದರೂ ಸೈಕಲ್ಲು ಕೆಟ್ಟು ನಿಂತಿರಲಿ, ನಾನು ಇಳಿದು ಸರಿಮಾಡುವಂತಾಗಲಿ ಎಂದು ಮನಸ್ಸಿನಲ್ಲೇ ಆಸೆಪಡುತ್ತ ತುಳಿದೆ.

ಅಕ್ಕಲಕೋಟೆ

ಬ್ರಿಟಿಷರ ಸೀಮೆ ಮುಗಿದು ಅಕ್ಕಲಕೋಟೆಯ ಸಂಸ್ಥಾನ ಶುರುವಾಗುವಲ್ಲಿ ಏನಾದರೂ ಬದಲಾವಣೆ ಕಾಣಬೇಕೆಂದು ನಾನು ಕಣ್ಣಿಟ್ಟು ನೋಡುತ್ತಿದ್ದೆ. ಒಂದು ಗಡಿಕಲ್ಲು, ಅದರ ಮೇಲೆ ಕೂತ ಒಂದು ಕಾಗೆ, ಇಷ್ಟೇ. ಮೈಸೂರು ಮಹಾರಾಜರ ಪ್ರಜೆಯಾದ ನಾನು ಇನ್ನೊಬ್ಬ ರಾಜರ ನೆಲಕ್ಕೆ ಕಾಲಿಡುತ್ತಿದ್ದೇನೆಂಬ ಗಾಂಭೀರ್ಯವನ್ನು ಆ ಕಾಗೆ ಲೆಕ್ಕಕ್ಕೇ ಇಡಲಿಲ್ಲ.

ಅಕ್ಕಲಕೋಟೆಯಲ್ಲಿ ಗೋವಿಂದರಾಯನ ಪರಿಚಯದವರ ಮನೆಯಲ್ಲಿ ತಂಗಿದೆ. ಕಡಕ್ ರೊಟ್ಟಿ, ಎಣ್ಣೆಗಾಯಿ, ಅವರು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ. ನಾವು ತೆಂಗಿನಕಾಯಿ ಹಾಕುವಲ್ಲೆಲ್ಲ ಅವರು ಶೇಂಗಾ ಹಾಕುತ್ತಾರೆ. ತಿಪಟೂರಿನವನು ಕಾಯಿ ಇಲ್ಲದೆ ಎರಡು ಹೊತ್ತು ಉಂಡು ಬದುಕಿದ್ದೇನೆಂದು ಮನೆಗೆ ಕಾಗದ ಬರೆದೆ. ಬೆಳಗ್ಗೆ ಬೇಗ ಎದ್ದು ಕರಜಗಿಯ ದಾರಿ ಹಿಡಿದೆ. ಸಂಜೆಯೊಳಗೆ ಕಾಕಾ ಅವರ ಹೊಲದಲ್ಲಿ ಸೀತನಿ.

ಕರಜಗಿ ದಾರಿ

ನಾಲ್ಕು ಮೈಲಿ ಹೋಗಿರಬೇಕು. ಇಬ್ಬನಿ ಇನ್ನೂ ಆರಿರಲಿಲ್ಲ. ಎದುರಿನಿಂದ ಒಬ್ಬ ಯುವಕ ಸೈಕಲ್ಲನ್ನು ತಳ್ಳಿಕೊಂಡು ಓಡೋಡಿ ಬರುತ್ತಿದ್ದ. ಧೋತರದ ಕಚ್ಚೆ ಕಟ್ಟಿದ್ದ, ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಒಂದು ಕೈಯಲ್ಲಿ ಹರಿದ ಚೈನು.

ನಾನು ಬಯಸಿದ್ದೇ ಎದುರಿಗೆ ಬಂದಿತ್ತು. ಇಳಿದು, "ನಿಲ್ಲಿ, ನಿಲ್ಲಿ, ನನ್ನ ಹತ್ತಿರ ಕೊಂಡಿ ಇದೆ" ಎಂದೆ.

ಅವನು ಏದುಸಿರು ಬಿಡುತ್ತ, "ಲಗೂ ಆಗ್ತೈತೇನ್ರಿ? ದವಾಖಾನಿಗೆ ಹೊಂಟೀನಿ. ಹೇಣ್ತಿಗೆ ಬ್ಯಾನಿ ತಿಂದು ಎರಡನೇ ದಿವಸರಿ. ಕೂಸು ಅಡ್ಡ ಆಗೈತಂತ. ಡಾಕ್ಟರಬಾಯಾರನ್ನ ಕರ್ಕೊಂಡ ಬರಬೇಕು" ಎಂದ. ಅವನ ಹೆಸರು ಮಲ್ಲಪ್ಪ. ನಾನು ಮೇಷ್ಟ್ರೆಂದು ನಾನೂ ಹೇಳಿದೆ. ಮುಂದೆ ಒಂದು ಮೈಲಿಯ ಮೇಲೆ ರಸ್ತೆ ಬಿಟ್ಟು ಒಳಗೆ ಅವನ ಹಳ್ಳಿ. ಆ ಮನೆಯವರು ಈಗಲೂ ಅಲ್ಲೇ ಇರುವುದರಿಂದ ಹಳ್ಳಿಯ ಹೆಸರು ಬರೆಯುವುದಿಲ್ಲ.

"ಐದು ನಿಮಿಷ" ಎಂದೆ ನಾನು.

ಎಣ್ಣೆಬಟ್ಟೆ ಬಿಚ್ಚಿದೆ. ಅವನ ಚೈನನ್ನು ಕಲ್ಲಿನ ಮೇಲಿಟ್ಟು ನೋಡಿದ ಕೂಡಲೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಅದು ಬಹಳ ಹಳೆಯ ಸೈಕಲ್ಲು. ಅದರ ಕೊಂಡಿಗಳು ದಪ್ಪ, ಉದ್ದ. ಒಂದೊಂದೂ ನನ್ನವಕ್ಕಿಂತ ಎರಡರಷ್ಟು. ಗಣಿತದ ಮೇಷ್ಟ್ರಾದವನಿಗೆ ಅಷ್ಟು ಸಾಕಾಗಬೇಕಿತ್ತು. ಸಾಕಾಗಲಿಲ್ಲ. ಎರಡು ಸಣ್ಣ ಕೊಂಡಿ ಸೇರಿದರೆ ಒಂದು ದೊಡ್ಡದರ ಅಳತೆಯಾದೀತೆಂದು ಲೆಕ್ಕ ಹಾಕಿದೆ. ಮೊಳೆ ಹೊಡೆದೆ, ಬಗ್ಗಿತು. ತಿರುಪು ತೂರಿಸಿದೆ, ತೂರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದೆ. ಮಲ್ಲಪ್ಪ ಒಮ್ಮೆ ನನ್ನ ಕೈ ನೋಡುತ್ತಿದ್ದ, ಒಮ್ಮೆ ಅಕ್ಕಲಕೋಟೆಯ ಕಡೆಗಿನ ದಾರಿ ನೋಡುತ್ತಿದ್ದ.

ಪಕ್ಕದಲ್ಲಿ ನನ್ನ ಸೈಕಲ್ಲು ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಅದನ್ನು ಕೊಡಬೇಕೆಂಬುದು ನನಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಎರಡು ನಿಮಿಷದಲ್ಲೇ ಹೊಳೆದಿತ್ತು. ಗುರುತಿಲ್ಲದ ಮನುಷ್ಯ, ಪರರಾಜ್ಯ, ಅವನು ತಿರುಗಿ ಬಾರದಿದ್ದರೆ ಯಾರನ್ನು ಕೇಳಲಿ? ಹಾಗೆಂದುಕೊಂಡೇ ನಾನು ಆ ಆಗದ ಕೊಂಡಿಗಳ ಮೇಲೆ ಇನ್ನಷ್ಟು ಬಗ್ಗಿದೆ. ಕಾಲು ಗಂಟೆಯಾದರೂ ಹೋಗಿರಬೇಕು.

ಕೊನೆಗೆ ಮಲ್ಲಪ್ಪ, "ಇರ್ಲಿ ಬಿಡ್ರಿ ಮಾಸ್ತರ, ನಾ ಓಡ್ತೀನಿ" ಎಂದು ರುಮಾಲು ಸೊಂಟಕ್ಕೆ ಕಟ್ಟಿದ.

ಆಗ ನಾನು ಎದ್ದೆ. "ಇದನ್ನು ತಗೊಂಡು ಹೋಗಿ" ಎಂದು ನನ್ನ ಸೈಕಲ್ಲಿನ ಹ್ಯಾಂಡಲನ್ನು ಅವನ ಕೈಗಿತ್ತೆ.

ಅವನು ಹಿಂದೆಮುಂದೆ ನೋಡಿದ. "ನನ್ನ ಹೆಸರ ಬಿಟ್ಟರ ನಿಮಗೇನೂ ಗೊತ್ತಿಲ್ಲಲ್ಲರಿ" ಎಂದ.

"ಹೊರಡಿ" ಎಂದೆ. ಅವನು ಹತ್ತಿ ತುಳಿದ. ಸೀಟು ಅವನಿಗೆ ಎತ್ತರವಾಗಿತ್ತು, ನಿಂತೇ ತುಳಿಯುತ್ತ ಹೋದ. ಜೋಳದ ಹೊಲದ ತಿರುವಿನಲ್ಲಿ ಮರೆಯಾಗುವ ಮೊದಲು ಹಿಂದಿರುಗಿ, "ಮನ್ಯಾಗ ಅವ್ವ ಅದಾಳ್ರಿ, ಹೇಳ್ರಿ ಆಕಿಗೆ" ಎಂದು ಕೂಗಿದ.

ಆ ಹಳ್ಳಿ

ಅವನ ಸೈಕಲ್ಲನ್ನು ತಳ್ಳಿಕೊಂಡು ಆ ಹಳ್ಳಿಗೆ ಹೋದೆ. ಮನೆ ಹುಡುಕುವ ಅಗತ್ಯ ಬೀಳಲಿಲ್ಲ. ಯಾವ ಮನೆಯ ಮುಂದೆ ಗಂಡಸರು ಮಾತಿಲ್ಲದೆ ಕೂತಿದ್ದರೋ ಅದೇ ಮನೆ. ಮಗನ ಸೈಕಲ್ಲು ಬೇರೆಯವನ ಕೈಯಲ್ಲಿ ಬಂದದ್ದನ್ನು ಕಂಡು ಮಲ್ಲಪ್ಪನ ತಾಯಿ ಬಾಗಿಲಲ್ಲೇ ಗೋಡೆ ಹಿಡಿದುಕೊಂಡಳು.

"ಅವರಿಗೇನೂ ಆಗಿಲ್ಲ ತಾಯಿ. ಚೈನು ಹರಿಯಿತು. ನನ್ನ ಸೈಕಲ್ಲು ತಗೊಂಡು ಹೋಗಿದ್ದಾರೆ" ಎಂದೆ.

ನನ್ನ ಮೈಸೂರು ಕನ್ನಡ ಆಕೆಗೆ ಪೂರಾ ತಿಳಿಯಿತೋ ಇಲ್ಲವೋ. ನನ್ನ ಎಣ್ಣೆ ಮೆತ್ತಿದ ಕೈ ನೋಡಿ, ಒಂದು ತಂಬಿಗೆ ನೀರು ತಂದಿಟ್ಟಳು. "ಕುಂಡ್ರಪಾ" ಎಂದು ಕಟ್ಟೆ ತೋರಿಸಿ ಒಳಗೆ ಹೋದಳು.

ಕೂತೆ. ಒಳಗಿನಿಂದ ಸೂಲಗಿತ್ತಿಯ ಮಾತು ಕೇಳಿಸುತ್ತಿತ್ತು, ನಡುನಡುವೆ ನರಳುವ ದನಿ. ಆ ದನಿ ನಿಂತಾಗ ಇನ್ನೂ ಹೆದರಿಕೆಯಾಗುತ್ತಿತ್ತು. ಒಂದು ಗಂಟೆ ಕೂತೆ. ಆಮೇಲೆ ಕೂರಲಾರದೆ, ಹರಿದ ಚೈನನ್ನು ಎತ್ತಿಕೊಂಡು ಕಂಬಾರನ ಕುಲುಮೆಗೆ ಹೋದೆ. ಕಂಬಾರ ನನ್ನ ಕೊಂಡಿಗಳನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿ, "ಇವು ಹಾಲಹಲ್ಲು ಇದ್ದಂಗ ಅದಾವ್ರಿ. ಇದಕ್ಕ ದವಡಿ ಹಲ್ಲು ಬೇಕು" ಎಂದ. ಕುಂಟೆಯ ಒಂದು ಮೊಳೆ ಕಾಸಿ, ಕತ್ತರಿಸಿ, ಬಡಿದು, ದಪ್ಪ ಕೊಂಡಿಗೆ ಹೊಸ ಅಚ್ಚು ಕೂಡಿಸಿದ. ನಾನು ತಿದಿ ಒತ್ತಿದೆ. ಬೇಡವೆಂದರೂ ಬಿಡಲಿಲ್ಲ. ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು.

ಕುಲುಮೆಯಿಂದ ಮರಳುವಾಗ ನನ್ನ ಸೈಕಲ್ಲು ಕಟ್ಟೆಗೆ ಒರಗಿತ್ತು. ಹಿಂದೆಯೇ ದವಾಖಾನೆಯ ಟಾಂಗಾ ಬಂದು ನಿಂತಿತ್ತು. ಕೆಲವು ಗಂಟೆಗಳ ಹಿಂದೆ ತಿರುಗಿ ಬರುವುದೋ ಇಲ್ಲವೋ ಎಂದು ಅಂಜಿದ ಆ ಸೈಕಲ್ಲು ಬಂದದ್ದನ್ನು ಕಂಡು ನನಗೆ ಸಂತೋಷವಾಗಬೇಕಿತ್ತು. ನಾಚಿಕೆಯಾಯಿತು.

ಡಾಕ್ಟರಬಾಯಿ ಪುಣೆಯ ಕಡೆಯವರು, ನಡುವಯಸ್ಸಿನವರು. ಸೆರಗು ಬಿಗಿದು ಒಳಗೆ ಹೋದವರು ಮಧ್ಯಾಹ್ನ ತಿರುಗುವವರೆಗೆ ಹೊರಗೆ ಬರಲಿಲ್ಲ. ಬಿಸಿನೀರಿನ ಹಂಡೆ ಒಳಗೆ ಹೋಯಿತು, ಖಾಲಿಯಾಗಿ ಬಂತು, ಮತ್ತೆ ಹೋಯಿತು. ಮಲ್ಲಪ್ಪ ಬಾಗಿಲ ಬದಿಗೆ ಮೊಣಕಾಲಲ್ಲಿ ತಲೆಯಿಟ್ಟು ಕೂತಿದ್ದ. ನಾವೆಲ್ಲ ಒಂದು ಅಳುವಿಗಾಗಿ ಕಿವಿಯಿಟ್ಟಿದ್ದೆವು. ಕೂಸಿನ ಅಳು ಬರಲಿಲ್ಲ. ಬಂದದ್ದು ಅವನ ತಾಯಿಯ ಅಳು.

ಡಾಕ್ಟರಬಾಯಿ ಕೈ ತೊಳೆಯಲು ಹೊರಗೆ ಬಂದಾಗ ನಾನೇ ನೀರು ಹಾಕಿದೆ. ಅವರು ಮಲ್ಲಪ್ಪನಿಗೆ, "ನಿನ್ನ ಹೇಣ್ತಿ ಉಳಿದಾಳ. ಮೂರು ದಿವಸ ಏಳಗೊಡಬ್ಯಾಡ" ಎಂದರು. ಅವನು ತಲೆಯಾಡಿಸಿ ಒಳಗೆ ಹೋದ.

ಅವರ ಟಾಂಗಾದವರೆಗೆ ಪೆಟ್ಟಿಗೆ ಹೊತ್ತುಕೊಂಡು ಹೋಗಿ ನಾನು ಮೆಲ್ಲಗೆ ಕೇಳಿದೆ: "ಡಾಕ್ಟರೆ, ಒಂದು ಕಾಲು ಗಂಟೆ ಮುಂಚೆ ನಿಮಗೆ ಸುದ್ದಿ ಬಂದಿದ್ದರೆ ಮಗು ಉಳಿಯುತ್ತಿತ್ತೇ?"

ಅವರು ನನ್ನನ್ನೇ ನೋಡಿದರು. "ನಾ ಬಂದಾಗ ಕೂಸಿನ ಎದಿ ನಿಂತಿತ್ತು. ಯಾವಾಗ ನಿಂತಿತು, ಹೇಳಲಿಕ್ಕೆ ಬರೂದಿಲ್ಲ. ಮುಂಜಾನೆ ಇರಬಹುದು, ನಿನ್ನೆ ಇರಬಹುದು" ಎಂದರು. ಟಾಂಗಾ ಹತ್ತಿ ಕೂತು, "ಇನ್ನೊಂದು ತಾಸು ತಡ ಆಗಿದ್ರ ತಾಯೀನೂ ಹೋಗ್ತಿದ್ಲು. ಇಷ್ಟು ಮಾತ್ರ ನನಗ ಗೊತ್ತದ" ಎಂದರು. ಟಾಂಗಾ ಹೊರಟಿತು.

ಸಂಜೆಗೆ ಮುಂಚೆ ಮಲ್ಲಪ್ಪ ಇಬ್ಬರು ಬಂಧುಗಳ ಜೊತೆ, ಬಿಳಿ ಬಟ್ಟೆಯ ಒಂದು ಸಣ್ಣ ಗಂಟನ್ನು ಎದೆಗೊತ್ತಿಕೊಂಡು, ಹೊಲದ ಬದುವಿಗೆ ಹೋಗಿ ಬಂದ. ಗಂಡುಮಗು. ಬಾವಿಯ ಹತ್ತಿರ ಅವನು ಸ್ನಾನ ಮುಗಿಸಿ ಕೂತಿದ್ದಾಗ ನಾನು ಹೋಗಿ ಪಕ್ಕದಲ್ಲಿ ಕೂತೆ. ಹೇಳದೆ ಹೋಗಿಬಿಡಬಹುದಾಗಿತ್ತು. ಅವನು ನನ್ನನ್ನು ಕಂಡಾಗಲೆಲ್ಲ ಕೈಮುಗಿಯುತ್ತಿದ್ದ. ಅದನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ.

"ಮಲ್ಲಪ್ಪ, ಆ ಕೊಂಡಿ ನಿಮ್ಮ ಚೈನಿಗೆ ಕೂಡುವುದಿಲ್ಲ ಅಂತ ನನಗೆ ಮೊದಲೇ ಗೊತ್ತಾಗಿತ್ತು. ಸೈಕಲ್ಲು ಕೊಡೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಅಷ್ಟು ಹೊತ್ತು ಬಡಿಯುತ್ತ ಕೂತೆ" ಎಂದೆ.

ಅವನು ಒದ್ದೆ ರುಮಾಲನ್ನು ಹಿಂಡಿ ಕಲ್ಲಿನ ಮೇಲೆ ಹರವಿದ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ನಿನ್ನಿ ಮುಂಜಾನೇನs ನಾ ಹೊಂಡಬೇಕಾಗಿತ್ತರಿ" ಎಂದ. "ಸೂಲಗಿತ್ತಿ ಬ್ಯಾಡಂದ್ಲು, ಈಗ ಆಗ್ತೈತಿ ಅಂದ್ಲು. ಅವ್ವ ಬ್ಯಾಡಂದ್ಲು, ಮನಿಗೆ ದವಾಖಾನಿಯವರು ಬಂದ್ರ ಮಂದಿ ಏನಂತಾರ ಅಂದ್ಲು. ನಾನೂ ಹೂಂ ಅಂದ್ನಿ, ಹೊಲಕ್ಕ ನೀರ ಬಿಡೂದಿತ್ತು ಅಂತ ಹೊಲಕ್ಕ ಹೋದ್ನಿ. ಎಲ್ಲಾರ್ದೂ ಒಂದೊಂದು ತಾಸು ಐತ್ರಿ ಇದರಾಗ. ನಿಮ್ಮದು ಎಲ್ಲಾರಕಿಂತ ಸಣ್ಣದು."

ಆಮೇಲೆ, "ಕಡೀಕ ಕೊಟ್ರಲ್ಲರಿ" ಎಂದ. "ಓಡಿ ಹೋಗಿದ್ರ ನಾ ಮುಟ್ಟಾಕ ಇನ್ನೂ ತಡಾ ಆಗ್ತಿತ್ತು. ಹೇಣ್ತೀನೂ ಇರ್ತಿದ್ದಿಲ್ಲ."

ಅವನು ನನ್ನ ತಪ್ಪನ್ನು ಇಲ್ಲವೆನ್ನಲಿಲ್ಲ. ತನ್ನದರ ಪಕ್ಕದಲ್ಲಿ ಅದಕ್ಕೂ ಒಂದಿಷ್ಟು ಜಾಗ ಮಾಡಿಕೊಟ್ಟ. ಅದಕ್ಕಿಂತ ದೊಡ್ಡ ಉಪಕಾರ ನನಗೆ ಯಾರೂ ಮಾಡಿದ್ದಿಲ್ಲ.

ಮರುದಿನ

ಕರಜಗಿಗೆ ನಾನು ಹೋಗಲೇ ಇಲ್ಲ. ಆ ಹಳ್ಳಿಯಿಂದ ಮುಂದೆ ಕರಜಗಿಯ ದಾರಿ ಎಷ್ಟು ಚೆಂದವಿದೆಯೆಂದು ಗೋವಿಂದರಾವ್ ಇಂದಿಗೂ ಹೇಳುತ್ತಾನೆ. ನನಗೆ ಅಲ್ಲಿಂದ ಮುಂದಕ್ಕೆ ಹೋಗುವ ಮನಸ್ಸಿರಲಿಲ್ಲ. ಕಾಕಾ ಅವರಿಗೆ, ಅತ್ತ ಹೊರಟಿದ್ದ ಒಬ್ಬರ ಕೈಯಲ್ಲಿ, ಬರಲಾಗಲಿಲ್ಲ, ಕ್ಷಮಿಸಬೇಕು ಎಂದು ಚೀಟಿ ಕಳಿಸಿದೆ. ಆ ರಾತ್ರಿ ಪಕ್ಕದ ಮನೆಯವರು ನನಗೆ ಹಾಸಿಗೆ ಕೊಟ್ಟರು.

ಬೆಳಗ್ಗೆ ಹೇಳಿ ಹೋಗೋಣವೆಂದು ಮಲ್ಲಪ್ಪನ ಮನೆಗೆ ಬಂದೆ. ಆ ಮನೆಯ ಒಲೆ ಹಿಂದಿನ ದಿನ ಉರಿದಿರಲಿಲ್ಲ. ನೆರೆಯವರು ಬುಟ್ಟಿಯಲ್ಲಿ ರೊಟ್ಟಿ ತಂದಿಟ್ಟಿದ್ದರು, ಮುಚ್ಚಿದ ಬಟ್ಟೆಯನ್ನು ಯಾರೂ ಸರಿಸಿರಲಿಲ್ಲ. ನಾನೂ ನಿನ್ನೆಯಿಂದ ಉಂಡಿರಲಿಲ್ಲ. ರಾತ್ರಿ ನೆರೆಯವರು ಕೇಳಿದಾಗ, ನೀವು ಮಲ್ಲಪ್ಪನ ಮನೆಗೆ ಕೊಟ್ಟ ರೊಟ್ಟಿಯಲ್ಲೇ ನನ್ನ ಊಟ ಆಯಿತು ಎಂದಿದ್ದೆ. ಇಂಥ ಮನೆಯ ಮುಂದೆ ಹಸಿವು ಹೇಳಿಕೊಳ್ಳುವುದು ಯಾರಿಂದಾದೀತು?

ಮಲ್ಲಪ್ಪ ಸೈಕಲ್ಲನ್ನು ಒರೆಸಿ ತಂದು ನಿಲ್ಲಿಸಿದ. ಸೀಟಿನ ಹಿಂದಿನ ಚೀಲಕ್ಕೆ ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಹಸಿ ಜೋಳದ ತೆನೆ ಸಿಕ್ಕಿಸಿದ್ದ. ಅವನ ತಾಯಿ ಬಾಗಿಲಲ್ಲಿ ನಿಂತಿದ್ದಳು. ನಾನು ಕೈಮುಗಿದು ತಿರುಗುವಷ್ಟರಲ್ಲಿ ಒಳಗಿನಿಂದ, ಕತ್ತಲೆಯ ಕೋಣೆಯಿಂದ, ಒಂದು ದನಿ ಬಂತು. ನಿನ್ನೆಯಿಡೀ ನಾನು ನರಳುವುದನ್ನಷ್ಟೇ ಕೇಳಿದ್ದ ದನಿ. ಮಾತು ಬಹಳ ಸಣ್ಣಗಿತ್ತು, ನಡುವೆ ಉಸಿರು ಎಳೆದುಕೊಳ್ಳುತ್ತಿತ್ತು.

"ಅತ್ತಿ, ಸೈಕಲ್ ಕೊಟ್ಟಾರಲ್ಲ, ಆ ಮಾಸ್ತರರು ಏನರೆ ಉಂಡಾರೇನ್ರಿ?"

ಅತ್ತೆ ನನ್ನ ಮುಖ ನೋಡಿದಳು. ಆಯಿತು ಎನ್ನಲು ಹೋದವನು ತಲೆ ತಗ್ಗಿಸಿದೆ.

"ಉಂಡಿಲ್ಲವ್ವ" ಎಂದಳು ಅತ್ತೆ ಒಳಕ್ಕೆ.

"ಹಂಗs ಕಳಸಬ್ಯಾಡ್ರಿ. ನಮ್ಮ ಮನಿಯಿಂದ ಯಾರೂ ಹಂಗ ಹೋಗಿಲ್ಲ."

ಆ ಮುದುಕಿ ಬುಟ್ಟಿಯ ಬಟ್ಟೆ ಸರಿಸಿದಳು. "ನಮ್ಮ ಮನ್ಯಾಗ ಉಣ್ತೀರೇನಪಾ?" ಎಂದು ಕೇಳಿದಳು. ಸೂತಕದ ಮನೆ, ನಾನು ಯಾವ ಜನವೆಂದು ಆಕೆಗೆ ತಿಳಿಯದು. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕಾಲು ಮಡಚಿ ಕೂತೆ. ಅಂಗೈ ಮೇಲೆ ರೊಟ್ಟಿ, ಅದರ ಮೇಲೆ ಹಿಂಡಿ, ಒಂದು ಉಳ್ಳಾಗಡ್ಡಿ. ಆಕೆ ಮಲ್ಲಪ್ಪನನ್ನೂ ಕರೆದಳು. ಅವನು ಬಂದು ನನ್ನ ಪಕ್ಕದಲ್ಲಿ ಕೂತ. ಇಬ್ಬರೂ ಮುರಿದು ತಿಂದೆವು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ.

ಒಳಗೆ ಆ ಹೆಣ್ಣುಮಗಳು ಕಿವಿಗೊಟ್ಟಿದ್ದಾಳೆಂದು ನನಗೆ ತಿಳಿದಿತ್ತು. ಆಕೆಯ ಮುಖ ನಾನು ನೋಡಲಿಲ್ಲ, ಹೆಸರು ಕೇಳಲಿಲ್ಲ. ಮೊದಲ ರೊಟ್ಟಿ ಮುಗಿಯಿತು. ಹಸಿವೆಯೂ ಮುಗಿದಿತ್ತು. ಆದರೂ ನಾನು ಕೈ ಮುಂದೆ ಚಾಚಿ, ಆ ಕೋಣೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ:

"ಇನ್ನೊಂದು ರೊಟ್ಟಿ ಹಾಕಿ, ತಾಯಿ."